ದಿನಕ್ಕೊಂದು ಶಿಲಿಂಗ್ ಸಂಬಳದಿಂದ ಬಿಷಪ್ ಪೀಠದವರೆಗೆ: ವಿಕಮ್ ಕಟ್ಟಿದ ಊರುಗಳಲ್ಲಿ

ಗುರುವಾರ, ವಿಂಡ್ಸರ್

1356ರ ಅಕ್ಟೋಬರ್ 30ರಂದು ವಿಲಿಯಂ ಆಫ್ ವಿಕಮ್ ಎಂಬ ಗುಮಾಸ್ತನಿಗೆ ವಿಂಡ್ಸರ್ ಕೋಟೆಯ ಕಟ್ಟಡ ಕೆಲಸದ ಉಸ್ತುವಾರಿ ಸಿಕ್ಕಿತು. ಸಂಬಳ ದಿನಕ್ಕೆ ಒಂದು ಶಿಲಿಂಗ್. ಕೆಲಸದ ಮೇಲೆ ಊರೂರು ತಿರುಗಿದರೆ ಎರಡು ಶಿಲಿಂಗ್. ಕೈಕೆಳಗೆ ಒಬ್ಬ ಬರೆಯುವವನನ್ನು ಇಟ್ಟುಕೊಳ್ಳಲು ವಾರಕ್ಕೆ ಮೂರು.

ಸ್ಲೌ ಸ್ಟೇಷನ್ನಿನಲ್ಲಿ ರೈಲು ಬದಲಿಸುವಾಗ ಇದನ್ನು ಓದಿ ಹೇಳಿದೆ. "ಓ, ಟಿಎ ಬೇರೆ ಇತ್ತಾ ಆಗಲೇ?" ಅಂದರು ಅಪ್ಪ. ಅವರು ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಬೇಸಿಗೆಗೆ ರೆಡಿಂಗ್‌ನ ನಮ್ಮ ಮನೆಗೆ ಬಂದಿದ್ದರು. ಲಂಡನ್ ನೋಡಿ ಆಗಿತ್ತು. ಅರಮನೆಗಳು, ಮ್ಯೂಸಿಯಂಗಳು ಸಾಕು ಅನ್ನಿಸಿದ್ದವು. ಕಟ್ಟಡದ ಕೆಲಸ ಮಾಡಿಸುತ್ತಲೇ ಬಿಷಪ್ ಆಗಿ, ದೇಶದ ಚಾನ್ಸಲರ್ (ರಾಜನ ಆಡಳಿತದ ಮುಖ್ಯ ಅಧಿಕಾರಿ) ಆಗಿ, ಕೊನೆಗೆ ಒಂದು ಶಾಲೆ, ಒಂದು ಕಾಲೇಜು ಕಟ್ಟಿಸಿ ಹೋದ ಈ ಮನುಷ್ಯನ ಜಾಡು ಹಿಡಿದು ಸುತ್ತೋಣ್ವಾ ಅಂತ ಕೇಳಿದ್ದಕ್ಕೆ ಒಂದೇ ಮಾತಿಗೆ ಒಪ್ಪಿದ್ದರು.

ವಿಂಡ್ಸರ್‌ಗೆ ಬರುವವರೆಲ್ಲ ರಾಜಮನೆತನ ನೋಡಲು ಬರುತ್ತಾರೆ. ನಮಗೆ ಬೇಕಾಗಿದ್ದದ್ದು ಮೇಲಿನ ಅಂಗಳ. ಮೂರನೇ ಎಡ್ವರ್ಡ್ ಹುಟ್ಟಿದ್ದು ಈ ಕೋಟೆಯಲ್ಲೇ. ಫ್ರಾನ್ಸ್ ಮೇಲಿನ ಯುದ್ಧದಲ್ಲಿ ಗೆದ್ದ ಮೇಲೆ ತನ್ನ ದರ್ಜೆಗೆ ತಕ್ಕ ಅರಮನೆ ಬೇಕು ಅನ್ನಿಸಿತು ಅವನಿಗೆ. 1356ರಲ್ಲಿ ಪ್ವಾಟಿಯೇ ಕದನದಲ್ಲಿ ಫ್ರಾನ್ಸಿನ ರಾಜ ಎರಡನೇ ಜಾನ್ ಸೆರೆ ಸಿಕ್ಕಿದ್ದ. ಅವನನ್ನು ಬಿಡಲು ಕೇಳಿದ ಹಣ ಕಟ್ಟಡಕ್ಕೂ ಹರಿಯಿತು. 1350ರಿಂದ 1377ರವರೆಗೆ ಇಲ್ಲಿ ಸುಮಾರು 51,000 ಪೌಂಡ್ ಖರ್ಚಾಯಿತು. ಇಂಗ್ಲೆಂಡಿನ ಮಧ್ಯಯುಗದಲ್ಲಿ ಚರ್ಚು, ಮಠ ಬಿಟ್ಟು ಬೇರೆ ಯಾವ ಕಟ್ಟಡಕ್ಕೂ ಇಷ್ಟು ದುಡ್ಡು ಸುರಿದಿರಲಿಲ್ಲ.

ಸೇಂಟ್ ಜಾರ್ಜ್ ಹಾಲ್ ನೋಡಿ ಎಲ್ಲರೂ ಬೆರಗಾಗುತ್ತಾರೆ. ಆದರೆ ಆ ಮರದ ಚಾವಣಿ 1992ರ ಬೆಂಕಿಯ ನಂತರ ಹೊಸದಾಗಿ ಹಾಕಿದ್ದು. ಹಳೆಯದು ಇರುವುದು ಕೆಳಗೆ. ಕಲ್ಲಿನ ಕಮಾನುಗಳ ನೆಲಮಾಳಿಗೆಯಲ್ಲಿ ಈಗ ಕೆಫೆ ಇದೆ. ಅದು ಎಡ್ವರ್ಡನ ಕಾಲದ್ದು. ಟೀ ತಂದುಕೊಟ್ಟೆ. ಅಪ್ಪ ಕುಡಿಯಲೇ ಇಲ್ಲ. ಕಂಬದಿಂದ ಮೇಲೆದ್ದು ನಾಲ್ಕೂ ದಿಕ್ಕಿಗೆ ಬಾಗುವ ಕಲ್ಲಿನ ಪಟ್ಟಿಗಳನ್ನು ಕಣ್ಣಲ್ಲೇ ಎಣಿಸುತ್ತಾ ನಿಂತರು. "ಮೇಲೆ ಬೆಂಕಿ ಬಿದ್ದು ಹಾಲ್‌ನ ಸೂರೇ ಹೋಯ್ತು ಅಂತೀಯ. ಇದು ಅಲ್ಲಾಡಿಲ್ಲ ನೋಡಮ್ಮ" ಅಂದರು.

ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಈ ಕಲ್ಲು ಕಡಿದವರೆಲ್ಲ ಇಷ್ಟಪಟ್ಟು ಬಂದವರಲ್ಲ. 1348-49ರ ಪ್ಲೇಗ್ ದೇಶದ ಜನರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಜನರನ್ನು ಕೊಂಡೊಯ್ದಿತ್ತು. ಉಳಿದ ಕೂಲಿಗಳು ಜಾಸ್ತಿ ಕೂಲಿ ಕೇಳತೊಡಗಿದರು. ಹೆಚ್ಚು ಕೇಳುವುದೇ ತಪ್ಪು ಅಂತ 1351ರಲ್ಲಿ ಕಾನೂನು ಬಂತು. ವಿಕಮ್‌ನ ನೇಮಕದ ಆದೇಶದಲ್ಲೇ ಎಲ್ಲಿಂದ ಬೇಕಾದರೂ ಕೆಲಸಗಾರರನ್ನು ಎಳೆದು ತರುವ ಅಧಿಕಾರ ಇತ್ತು. ದೂರದ ಯಾರ್ಕ್‌ಶೈರ್‌ನಿಂದ ಕರೆತಂದ ಕಲ್ಲುಕುಟಿಗರಿಗೆ ಕೆಂಪು ಬಟ್ಟೆ ಹೊಲಿಸಿ ಹಾಕಿಸಿದ್ದರು. ದಾರಿಯಲ್ಲಿ ತಪ್ಪಿಸಿಕೊಂಡರೆ ಕಣ್ಣಿಗೆ ಬೀಳಲಿ ಅಂತ. ವಿಕಮ್‌ನನ್ನು ನಾನು ಮೆಚ್ಚುತ್ತೇನೆ. ಆದರೆ ಅವನ ಏಳಿಗೆಯ ಮೊದಲ ಮೆಟ್ಟಿಲಲ್ಲಿ ಆ ಕೆಂಪು ಬಟ್ಟೆಯವರ ಬೆವರಿದೆ ಅನ್ನುವುದನ್ನು ಮರೆತು ಮೆಚ್ಚಲು ಆಗುವುದಿಲ್ಲ.

ಶುಕ್ರವಾರ, ವಿಕಮ್ ಮತ್ತು ಬಿಷಪ್ಸ್ ವಾಲ್ಥಮ್

ಬೆಳಿಗ್ಗೆ ರೈಲಲ್ಲಿ ವಿಂಚೆಸ್ಟರ್. ರೂಮಿನಲ್ಲಿ ಬ್ಯಾಗ್ ಇಟ್ಟು ಫೇರಮ್ ಕಡೆ ಹೋಗುವ ಬಸ್ ಹತ್ತಿದೆವು. ಹ್ಯಾಂಪ್‌ಶೈರ್‌ನ ಹಸಿರು ಇಳಿಜಾರು, ಬೇಲಿಗಳ ನಡುವೆ ಕಿರಿದಾದ ರಸ್ತೆ. ಬಿಷಪ್ಸ್ ವಾಲ್ಥಮ್ ದಾಟಿ ವಿಕಮ್‌ನಲ್ಲಿ ಇಳಿದೆವು.

ಊರು ಚಿಕ್ಕದು. ಅದರ ಚೌಕ ಮಾತ್ರ ಊರಿಗೆ ಮೀರಿದ ಅಗಲ. ಮಧ್ಯಯುಗದಲ್ಲಿ ಇಲ್ಲಿ ಸಂತೆ ನಡೆಯುತ್ತಿತ್ತು. ಸುತ್ತ ಇಟ್ಟಿಗೆಯ ಮನೆಗಳು, ಅಂಗಡಿಗಳು. ಕೆಳಗೆ ಮಿಯಾನ್ ನದಿ. ಅಮೆರಿಕದ ಯುದ್ಧನೌಕೆಯೊಂದರ ಮರದ ತೊಲೆಗಳಿಂದ 1820ರಲ್ಲಿ ಕಟ್ಟಿದ ಗಿರಣಿಯೂ ಇಲ್ಲಿದೆ. ಅದರ ಕಥೆಯೇ ಬೇರೆ, ಅಲ್ಲಿ ನಿಲ್ಲಲಿಲ್ಲ.

1324ರಲ್ಲಿ ಇಲ್ಲೇ ವಿಲಿಯಂ ಹುಟ್ಟಿದ. ಅಪ್ಪ ಜಾನ್ ಲಾಂಗ್, ಅಮ್ಮ ಸಿಬಿಲ್. ಜೀತದವರಲ್ಲ, ಆದರೆ ದೊಡ್ಡ ಆಸ್ತಿಯವರೂ ಅಲ್ಲ. ಯಾರೋ ಉಳ್ಳವರು ನೆರವಾಗಿ ಹುಡುಗನನ್ನು ವಿಂಚೆಸ್ಟರ್‌ಗೆ ಓದಲು ಕಳಿಸಿದರು. ಅಲ್ಲಿಗೆ ಅವನ ಓದು ಮುಗಿಯಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಅವನು ಹತ್ತಲೇ ಇಲ್ಲ.

ಇದು ಮುಂದೆ ಅವನನ್ನು ಜೀವನಪೂರ್ತಿ ಕಾಡಿದ ವಿಷಯ ಅಂತ ನನಗೆ ಅನ್ನಿಸುತ್ತದೆ. ಅವನು ವಿಂಚೆಸ್ಟರ್ ಕೋಟೆಯ ಅಧಿಕಾರಿಯ ಹತ್ತಿರ, ಆಮೇಲೆ ವಿಂಚೆಸ್ಟರ್‌ನ ಬಿಷಪ್ ಎಡಿಂಗ್ಟನ್ ಹತ್ತಿರ ಕೆಲಸ ಮಾಡಿದ. ಅಲ್ಲಿಂದ ರಾಜನ ಕಣ್ಣಿಗೆ ಬಿದ್ದ. ಆಗ ರಾಜನಿಗೆ ಕೆಲಸದವನಿಗೆ ಸಂಬಳ ಕೊಡಲು ಖಜಾನೆ ಮುಟ್ಟದ ಒಂದು ದಾರಿ ಇತ್ತು. ಚರ್ಚುಗಳ ಆದಾಯವನ್ನು ಅವನ ಹೆಸರಿಗೆ ಬರೆದುಬಿಡುವುದು. ಊರಿನ ಪಾದ್ರಿ ಅಂತ ಹೆಸರು ಅವನದು, ಪೂಜೆ ಮಾಡುವವನು ಬೇರೆ ಯಾರೋ. ವಿಕಮ್ ಹೀಗೆ ಎಷ್ಟು ಚರ್ಚುಗಳ ಆದಾಯ ಕೂಡಿಸಿಕೊಂಡಿದ್ದನೆಂದರೆ, 1366ರಲ್ಲಿ ಲೆಕ್ಕ ಕೊಡಿ ಎಂಬ ಆಜ್ಞೆ ಬಂದಾಗ ವರ್ಷಕ್ಕೆ 870 ಪೌಂಡ್ ದಾಟಿತ್ತು. ಅವನು ಪಾದ್ರಿಯಾಗಿ ದೀಕ್ಷೆ ಪಡೆದದ್ದೇ 1362ರಲ್ಲಿ. ಆಗ ಅವನಿಗೆ ನಲವತ್ತರ ಹತ್ತಿರ ವಯಸ್ಸು.

ಆಕ್ಸ್‌ಫರ್ಡಿನ ಪಂಡಿತ ಜಾನ್ ವಿಕ್ಲಿಫ್ ಇದನ್ನು ನೋಡಿ ಸಿಟ್ಟಾದ. ದೇವರ ಮಾತು ಬಲ್ಲವರನ್ನು ಬಿಟ್ಟು ಅಡುಗೆಮನೆಯ ಗುಮಾಸ್ತನಿಗೆ, ಕೋಟೆ ಕಟ್ಟಿಸುವುದರಲ್ಲಿ ಜಾಣನಾದವನಿಗೆ ಚರ್ಚಿನ ಹುದ್ದೆ ಕೊಡುತ್ತಾರೆ ಅಂತ ಬರೆದ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮಧ್ಯಾಹ್ನ ಬಸ್ಸಲ್ಲಿ ವಾಪಸ್ ಬರುವಾಗ ಬಿಷಪ್ಸ್ ವಾಲ್ಥಮ್‌ನಲ್ಲಿ ಇಳಿದೆವು. ವಿಂಚೆಸ್ಟರ್ ಬಿಷಪ್ಪರ ಅರಮನೆ ಇಲ್ಲಿತ್ತು. ಈಗ ಹಾಳು ಬಿದ್ದಿದೆ. ಟಿಕೆಟ್ ಇಲ್ಲ, ಗಲಾಟೆ ಇಲ್ಲ. ಕತ್ತರಿಸಿದ ಹುಲ್ಲು, ಅದರ ಮೇಲೆ ಎತ್ತರದ ಗೋಡೆಗಳು. ಗೋಡೆಯ ಒಳಗೆಲ್ಲ ಚಕಮಕಿ ಕಲ್ಲು. ಒಡೆದ ಕಡೆ ಅದು ಗಾಜಿನ ಹಾಗೆ ಕಪ್ಪಾಗಿ ಹೊಳೆಯುತ್ತದೆ. ದೊಡ್ಡ ಹಾಲ್‌ನ ಒಂದು ಬದಿಯ ಕಿಟಕಿಗಳು ಸಾಲಾಗಿ ಉಳಿದಿವೆ. ಅವನ್ನು ಈ ರೂಪಕ್ಕೆ ತಂದವನು ವಿಕಮ್. ಅರಮನೆ ಶುರುವಾಗಿದ್ದು 1130ರ ದಶಕದಲ್ಲಿ, ಬಿಷಪ್ ಹೆನ್ರಿ ಆಫ್ ಬ್ಲಾ ಕಾಲದಲ್ಲಿ. ಅದು ಹಾಳಾದದ್ದು 1644ರ ಅಂತರ್ಯುದ್ಧದಲ್ಲಿ.

ವಿಂಚೆಸ್ಟರ್ ಯುರೋಪಿನ ಶ್ರೀಮಂತ ಧರ್ಮಪ್ರಾಂತ್ಯಗಳಲ್ಲಿ ಒಂದು. ಎಡಿಂಗ್ಟನ್‌ಗೆ ಅದಕ್ಕಿಂತ ಮೇಲಿನ ಕ್ಯಾಂಟರ್ಬರಿ ಪೀಠ ಸಿಕ್ಕಾಗ, ಅಲ್ಲಿ ಹುಲ್ಲಿನ ಅಟ್ಟ ಎತ್ತರ ಇರಬಹುದು, ಆದರೆ ಗೋದಲಿ ತುಂಬಿರುವುದು ಇಲ್ಲಿ ಅಂತ ಬೇಡ ಅಂದನಂತೆ. 1366ರಲ್ಲಿ ಅವನು ತೀರಿಕೊಂಡ ಮೇಲೆ ರಾಜ ವಿಕಮ್ ಹೆಸರು ಹೇಳಿದ. ಪೋಪ್ ಕಡೆಯಿಂದ ಒಪ್ಪಿಗೆ ಬರುವುದು ತಡವಾಯಿತು. 1367ರ ಅಕ್ಟೋಬರ್ 10ರಂದು ಬಿಷಪ್ ಪಟ್ಟ ಆಯಿತು. ಅದೇ ವರ್ಷ ದೇಶದ ಚಾನ್ಸಲರ್ ಕೂಡ ಆದ. ಎಲ್ಲವೂ ಅವನಿಂದಲೇ ಆಗುತ್ತಿತ್ತು, ಅವನಿಲ್ಲದೆ ಏನೂ ಆಗುತ್ತಿರಲಿಲ್ಲ ಅಂತ ಫ್ರೆಂಚ್ ಇತಿಹಾಸಕಾರ ಫ್ರ್ವಾಸಾರ್ ಬರೆದಿದ್ದಾನೆ.

ಏರಿದಷ್ಟೇ ಬೇಗ ಇಳಿದದ್ದೂ ಉಂಟು. ಯುದ್ಧ ಕೆಟ್ಟಿತು. 1371ರಲ್ಲಿ ಪಾರ್ಲಿಮೆಂಟು ಪಾದ್ರಿಗಳ ಕೈಯಲ್ಲಿ ಅಧಿಕಾರ ಬೇಡ ಅಂದಿತು. ಚಾನ್ಸಲರ್ ಹುದ್ದೆ ಬಿಟ್ಟ. 1376ರಲ್ಲಿ ಅದೇ ಪಾರ್ಲಿಮೆಂಟು ಅರಮನೆಯ ಭ್ರಷ್ಟರ ಮೇಲೆ ತಿರುಗಿಬಿದ್ದಾಗ ವಿಕಮ್ ಪಾರ್ಲಿಮೆಂಟಿನ ಪರ ನಿಂತ. ರಾಜನ ಮಗ ಜಾನ್ ಆಫ್ ಗಾಂಟ್ ಸೇಡು ತೀರಿಸಿಕೊಂಡ. ಹತ್ತು ವರ್ಷ ಹಳೆಯ ಲೆಕ್ಕಗಳನ್ನೆಲ್ಲ ಕೆದಕಿದರು. ಗಟ್ಟಿಯಾಗಿ ನಿಂತ ಆರೋಪ ಒಂದೇ. ಒಬ್ಬ ಜಮೀನುದಾರನ 80 ಪೌಂಡ್ ದಂಡವನ್ನು ಅರ್ಧಕ್ಕೆ ಇಳಿಸಿ ದಾಖಲೆ ತಿದ್ದಿಸಿದ್ದ ಅಂತ. ಬಿಷಪ್ಪಿನ ಆಸ್ತಿಯನ್ನೆಲ್ಲ ವಶಪಡಿಸಿಕೊಂಡರು. ಅರಮನೆಯಿಂದ ಇಪ್ಪತ್ತು ಮೈಲಿ ದೂರ ಇರಬೇಕು ಅಂತ ಅಪ್ಪಣೆಯಾಯಿತು.

"ದಾಖಲೆ ತಿದ್ದಿದ್ದು ನಿಜಾನಾ?" ಅಪ್ಪ ಕೇಳಿದರು.

"ದಂಡ ಇಳಿಸಿದ್ದಂತೂ ನಿಜ ಅಪ್ಪಾ. ದುಡ್ಡು ತಿಂದ ಅಂತ ಯಾರೂ ತೋರಿಸಲಿಲ್ಲ."

"ಹಂಗಾದ್ರೆ ತಿದ್ದಬಾರದಿತ್ತು. ಹೊಸ ಆದೇಶ ಬರೆದು ಸಹಿ ಹಾಕ್ಬೇಕಿತ್ತು." ಇಷ್ಟು ಹೇಳಿ ಗೋಡೆಯ ಕಡೆ ನಡೆದರು. ಆ ತೀರ್ಪು ನನಗೂ ಸರಿ ಅನ್ನಿಸಿತು.

1377ರ ಜೂನ್‌ನಲ್ಲಿ, ಎಡ್ವರ್ಡ್ ಸಾಯುವ ಮೂರು ದಿನ ಮುಂಚೆ, ಆಸ್ತಿ ವಾಪಸ್ ಬಂತು. ಹೊಸ ರಾಜ ಎರಡನೇ ರಿಚರ್ಡ್ ಕ್ಷಮೆ ಕೊಟ್ಟ. ಮತ್ತೆ ಹನ್ನೆರಡು ವರ್ಷ ಕಳೆದ ಮೇಲೆ, 1389ರಿಂದ 1391ರವರೆಗೆ, ಇನ್ನೊಮ್ಮೆ ಚಾನ್ಸಲರ್ ಆಗಿದ್ದ. ಅವನ ರಾಜಕೀಯದ ಬಗ್ಗೆ ಇಷ್ಟು ಸಾಕು. ನನಗೆ ಮುಖ್ಯ ಅನ್ನಿಸುವುದು ಅವಮಾನ ಆದ ಮೇಲೆ ಅವನು ಮಾಡಿದ ಕೆಲಸ. ಎಲ್ಲ ಕಳೆದುಕೊಂಡು ಮತ್ತೆ ಪಡೆದವನು ಎರಡೇ ವರ್ಷದಲ್ಲಿ ಆಕ್ಸ್‌ಫರ್ಡ್ ಕಾಲೇಜಿನ ಸನ್ನದಿಗೆ ಸಹಿ ಹಾಕಿದ.

ಶನಿವಾರ, ವಿಂಚೆಸ್ಟರ್

ಬೆಳಗ್ಗೆ ಕ್ಯಾಥೆಡ್ರಲ್ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ಒಳಗೆ ಕಾಲಿಟ್ಟರೆ ಕಂಬಗಳ ಎರಡು ಸಾಲು ಕಣ್ಣು ಹೋಗುವಷ್ಟು ದೂರ ನಡೆಯುತ್ತವೆ. ಕಟ್ಟಡದ ಉದ್ದ ಸುಮಾರು 170 ಮೀಟರ್. ಎಡಗಡೆ ಜೇನ್ ಆಸ್ಟಿನ್ ಸಮಾಧಿ, ಅಲ್ಲಿ ಜನ ಜಾಸ್ತಿ. ಅಪ್ಪ ಮಾತ್ರ ಕಂಬದಿಂದ ಕಂಬಕ್ಕೆ ಹೋಗುತ್ತಿದ್ದರು.

ಗೈಡ್ ಒಬ್ಬರು, ವಯಸ್ಸಾದ ಸ್ವಯಂಸೇವಕಿ, ಇದನ್ನು ಗಮನಿಸಿ ತಾವೇ ಹತ್ತಿರ ಬಂದರು. "ಮೊದಲು ಪಕ್ಕದ ರೆಕ್ಕೆಗೆ ಬನ್ನಿ" ಅಂತ ಉತ್ತರದ ಕಡೆ ಕರೆದುಕೊಂಡು ಹೋದರು. ಅಲ್ಲಿ ಇರುವುದು ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಕಟ್ಟಡ. 1079ರಲ್ಲಿ ಶುರುವಾದದ್ದು. ದಪ್ಪ ಕಂಬ, ಅರ್ಧಚಂದ್ರದ ಕಮಾನು, ಅದರ ಮೇಲೆ ಇನ್ನೊಂದು ಅಂತಸ್ತಿನ ಕಮಾನು, ಅದರ ಮೇಲೆ ಮತ್ತೊಂದು. "ನಡುಭಾಗವೂ ಹೀಗೇ ಇತ್ತು. ಈಗಲೂ ಹೀಗೇ ಇದೆ, ಒಳಗೆ" ಅಂದರು.

ಅದೇ ಇಲ್ಲಿನ ಸೋಜಿಗ. 1394ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ವಿಕಮ್ ನಡುಭಾಗದ ಕೆಲಸ ಹಿಡಿದ. ಮೇಸ್ತ್ರಿ ವಿಲಿಯಂ ವಿನ್ಫರ್ಡ್. ಹಳೆಯದನ್ನು ಕೆಡವಿ ಹೊಸದು ಕಟ್ಟಬಹುದಿತ್ತು. ಕೆಡವಲಿಲ್ಲ. ನಾರ್ಮನ್ ಕಂಬಗಳನ್ನು ನಿಂತ ಹಾಗೇ ಬಿಟ್ಟರು. ಕೆಲವನ್ನು ಅಲ್ಲೇ ಕೆತ್ತಿ ಸಪೂರ ಮಾಡಿದರು. ಕೆಲವಕ್ಕೆ ಮೇಲೆ ಹೊಸ ಕಲ್ಲು ಹೊದಿಸಿದರು. ಮೂರು ಅಂತಸ್ತಿನ ಕಮಾನುಗಳನ್ನು ಎರಡಕ್ಕೆ ಇಳಿಸಿ, ಎತ್ತರದ ಮೊನಚು ಕಮಾನು ಮಾಡಿ, ಮೇಲೆ ಕಲ್ಲಿನ ಚಾವಣಿ ಕೂರಿಸಿದರು. ಮುನ್ನೂರು ವರ್ಷ ಭಾರ ಹೊತ್ತು ನಿಂತ ಕಂಬದ ಮೈಯನ್ನು ಕೆತ್ತುವುದು ಅಂದರೆ ಎಂಥ ಧೈರ್ಯ! ಅಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಆ ಗೈಡ್‌ಗೆ, ಆನಿಕೆ ಎಲ್ಲಿ ಕೊಟ್ಟಿದ್ದರು, ಒಂದು ಕಂಬ ಕೆತ್ತುವಾಗ ಪಕ್ಕದ ಕಮಾನನ್ನು ಯಾವುದರ ಮೇಲೆ ನಿಲ್ಲಿಸಿದ್ದರು ಅಂತ ಕೇಳತೊಡಗಿದರು. ಇಬ್ಬರ ಮಾತೂ ಮುಗಿಯಲಿಲ್ಲ. ನಾನು ಹೋಗಿ ಬೆಂಚಿನ ಮೇಲೆ ಕೂತೆ.

ಕೆಲಸ ಮುಗಿಯುವುದನ್ನು ವಿಕಮ್ ನೋಡಲಿಲ್ಲ. 1404ರ ಸೆಪ್ಟೆಂಬರ್ 27ರಂದು ಬಿಷಪ್ಸ್ ವಾಲ್ಥಮ್‌ನಲ್ಲಿ ತೀರಿಕೊಂಡ. ಉಳಿದ ಕೆಲಸ ವಿನ್ಫರ್ಡ್ ಕೈಯಲ್ಲೇ ಆಗಬೇಕು ಅಂತ ಉಯಿಲಿನಲ್ಲಿ ಹೆಸರು ಹೇಳಿ ಬರೆದು, ದುಡ್ಡೂ ತೆಗೆದಿಟ್ಟಿದ್ದ.

ಅವನ ಸಮಾಧಿ ನಡುಭಾಗದ ದಕ್ಷಿಣ ಸಾಲಿನಲ್ಲಿ, ಎರಡು ಕಂಬಗಳ ನಡುವೆ ಒಂದು ಪುಟ್ಟ ಕಲ್ಲಿನ ಗುಡಿಯೊಳಗಿದೆ. ವಿಂಚೆಸ್ಟರ್‌ನಲ್ಲಿ ಓದುವ ಹುಡುಗನಾಗಿದ್ದಾಗ ಅವನು ಬೆಳಗಿನ ಪೂಜೆಗೆ ಬರುತ್ತಿದ್ದ ಮೇರಿ ಮಾತೆಯ ಪೀಠ ಇದೇ ಜಾಗದಲ್ಲಿತ್ತು ಅನ್ನುತ್ತಾರೆ. ಒಳಗೆ ಬಿಷಪ್ ಮಲಗಿದ್ದಾನೆ, ಕೈ ಮುಗಿದುಕೊಂಡು. ತಲೆದಿಂಬಿನ ಹತ್ತಿರ ಇಬ್ಬರು ದೇವದೂತರು. ಪಾದದ ಹತ್ತಿರ ಮೂವರು ಕುಳ್ಳ ಮನುಷ್ಯರು ಕುಳಿತು ಪ್ರಾರ್ಥಿಸುತ್ತಿದ್ದಾರೆ. ದೊಡ್ಡವರ ಸಮಾಧಿಗಳಲ್ಲಿ ಪಾದದ ಹತ್ತಿರ ಸಿಂಹವೋ ನಾಯಿಯೋ ಇರುತ್ತದೆ. ಇಲ್ಲಿ ಮನುಷ್ಯರಿದ್ದಾರೆ. ಅವರು ಸನ್ಯಾಸಿಗಳು ಅಂತ ಕೆಲವರು. ಇಲ್ಲ, ಅವನ ಮೇಸ್ತ್ರಿ, ಬಡಗಿ ಮತ್ತು ಕೆಲಸದ ಲೆಕ್ಕ ಬರೆದವನು ಅಂತ ಇನ್ನು ಕೆಲವರು. ಅವರಲ್ಲಿ ಒಬ್ಬನ ಮುಖ ಸ್ವಲ್ಪ ಮೇಲೆತ್ತಿದೆ, ಏನೋ ಕೇಳಿಸಿಕೊಳ್ಳುತ್ತಿರುವ ಹಾಗೆ.

ಮಧ್ಯಾಹ್ನ ವಿಂಚೆಸ್ಟರ್ ಕಾಲೇಜು. ಹೆಸರು ಕಾಲೇಜು, ಇರುವುದು ಶಾಲೆ. ಸನ್ನದು 1382ರ ಅಕ್ಟೋಬರ್ 20ರದ್ದು. ಶಂಕುಸ್ಥಾಪನೆ 1387ರಲ್ಲಿ, ಹುಡುಗರು ಒಳಗೆ ಬಂದದ್ದು 1394ರಲ್ಲಿ. ಎಪ್ಪತ್ತು ಬಡ ಹುಡುಗರಿಗೆ ಊಟ, ವಸತಿ, ಓದು ಪುಕ್ಕಟೆ. ಓದಿದವರು ನೇರ ಆಕ್ಸ್‌ಫರ್ಡಿನ ಅವನದೇ ಕಾಲೇಜಿಗೆ. ಅಲ್ಲಿಯೂ ಎಪ್ಪತ್ತು. ಪ್ಲೇಗಿನಲ್ಲಿ ಪಾದ್ರಿಗಳು ಸತ್ತು ಚರ್ಚುಗಳು ಖಾಲಿಯಾಗಿದ್ದವು. ಓದಿದ ಪಾದ್ರಿಗಳು ಬೇಕಿತ್ತು. ಕಾರಣ ಅಷ್ಟು ಸರಳ. ಆದರೆ ಹುಡುಗನನ್ನು ಚಿಕ್ಕಂದಿನಲ್ಲೇ ಹಿಡಿದು, ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಒಂದೇ ದತ್ತಿಯಲ್ಲಿ ಓದಿಸುವ ಏರ್ಪಾಡು ಅದಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಈ ಅಳತೆಯಲ್ಲಿ ಇರಲಿಲ್ಲ. ಆರನೇ ಹೆನ್ರಿ ಮುಂದೆ ಈಟನ್ ಮತ್ತು ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜು ಕಟ್ಟುವಾಗ ಇದನ್ನೇ ನೋಡಿ ಮಾಡಿದ.

ಪ್ರವಾಸಿಗರಿಗೆ ಗೈಡ್ ಜೊತೆ ಮಾತ್ರ ಪ್ರವೇಶ. ಒಳ ಅಂಗಳದ ಸುತ್ತ ಇರುವ ಕೋಣೆಗಳಲ್ಲಿ ಇವತ್ತಿಗೂ ಎಪ್ಪತ್ತು ವಿದ್ಯಾರ್ಥಿವೇತನದ ವಿದ್ಯಾರ್ಥಿಗಳು ಇರುತ್ತಾರೆ. ಉಳಿದವರೆಲ್ಲ ದುಬಾರಿ ಫೀಸ್ ಕಟ್ಟಿ ಓದುವವರು. ಬಡವರಿಗೆಂದು ಹುಟ್ಟಿದ ಶಾಲೆ ಶ್ರೀಮಂತರ ಶಾಲೆ ಆದದ್ದು ನನಗೆ ನೋವಿನ ವಿಷಯವೇ. ನೆರವು ಕೊಡುತ್ತಾರೆ, ನಿಜ. ಆದರೂ ಹಳ್ಳಿಯ ಜಾನ್ ಲಾಂಗ್‌ನ ಮಗ ಇವತ್ತು ಈ ಗೇಟಿನ ಮುಂದೆ ಬಂದು ನಿಂತರೆ ಅವನಿಗೆ ದಾರಿ ಸುಲಭ ಇಲ್ಲ.

ಚಾಪೆಲ್‌ನ, ಅಂದರೆ ಶಾಲೆಯ ಪ್ರಾರ್ಥನಾ ಮಂದಿರದ, ಚಾವಣಿ ನೋಡಿ ಕಲ್ಲು ಅಂದುಕೊಂಡರು ಅಪ್ಪ. ಅದು ಮರ. ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಹೆಸರಾಂತ ಮರದ ಸೂರು ಮಾಡಿದ ಬಡಗಿ ಹ್ಯೂ ಹರ್ಲೆಂಡ್‌ನ ಕೈಕೆಲಸ. ಪೂರ್ವದ ದೊಡ್ಡ ಕಿಟಕಿಯ ಗಾಜಿನಲ್ಲಿ ಯೇಸುವಿನ ವಂಶವೃಕ್ಷ ಇದೆ. ಅದರ ಕೆಳಗಿನ ಸಾಲಿಗೆ ಕಣ್ಣು ಹಾಯಿಸಿದರೆ ಬಡಗಿ ಹರ್ಲೆಂಡ್, ಮೇಸ್ತ್ರಿ ವಿನ್ಫರ್ಡ್, ಲೆಕ್ಕದ ಸೈಮನ್ ಮೆಂಬರಿ, ಗಾಜಿನ ಕೆಲಸದ ಥಾಮಸ್ ಮೊಣಕಾಲೂರಿ ಕೂತಿದ್ದಾರೆ. ಮೂಲ ಗಾಜು 1820ರ ದಶಕದಲ್ಲಿ ರಿಪೇರಿಗೆ ಅಂತ ಹೋದದ್ದು ಹಾಗೇ ಚದುರಿಹೋಯಿತು. ಈಗ ಇರುವುದು ನಕಲು, ಆದರೆ ಚಿತ್ರ ಅದೇ. ವಿಕಮ್‌ನ 1393ರ ಮನೆಖರ್ಚಿನ ಲೆಕ್ಕದಲ್ಲಿ ಊಟಕ್ಕೆ ಬಂದವರ ಪಟ್ಟಿಯಲ್ಲೂ ವಿನ್ಫರ್ಡ್, ಹರ್ಲೆಂಡ್ ಹೆಸರುಗಳು ಸಿಗುತ್ತವೆ. ವಿಂಡ್ಸರ್‌ನ ಕೆಂಪು ಬಟ್ಟೆಯಿಂದ ಈ ಗಾಜಿನವರೆಗೆ ಅವನಲ್ಲಿ ಏನೋ ಬದಲಾಗಿತ್ತು. ಅಥವಾ ಮೇಸ್ತ್ರಿಗಳಿಗೆ ಸಿಕ್ಕ ಮರ್ಯಾದೆ ಕೂಲಿಗಳಿಗೆ ಕೊನೆಯವರೆಗೂ ಸಿಗಲೇ ಇಲ್ಲವೇನೋ. ಎರಡೂ ಸಾಧ್ಯ.

ಅಡುಗೆಮನೆಯ ಹೊರಗೆ ಒಂದು ವಿಚಿತ್ರ ಚಿತ್ರ ಇದೆ. 'ನಂಬಿಕಸ್ತ ಆಳು' ಅಂತ ಅದರ ಹೆಸರು. ಹಂದಿಯ ಮೂತಿ, ಅದಕ್ಕೆ ಬೀಗ. ಕತ್ತೆಯ ಕಿವಿ, ಜಿಂಕೆಯ ಕಾಲು, ಎಡಗೈ ತುಂಬ ಸಾಮಾನು. ಏನು ಕೊಟ್ಟರೂ ತಿನ್ನಬೇಕು, ಗುಟ್ಟು ಬಿಡಬಾರದು, ಬೈದರೆ ತಾಳಬೇಕು, ಓಡಬೇಕು, ಎಲ್ಲ ಕೆಲಸವನ್ನೂ ಮಾಡಬೇಕು. ಇದು ವಿಕಮ್ ಕಾಲದ್ದಲ್ಲ, ಅವನು ಸತ್ತು ಬಹಳ ಕಾಲದ ಮೇಲೆ ಬಂದದ್ದು. ಅವನ ಗಾಜಿನ ಕಿಟಕಿ ನೋಡಿಬಂದ ಕಣ್ಣಿಗೆ ನನಗೆ ಇದು ಹಿಡಿಸಲಿಲ್ಲ.

ಭಾನುವಾರ, ಸೇಂಟ್ ಕ್ರಾಸ್

ಬೆಳಗ್ಗೆ ಸಣ್ಣ ಮಳೆ. ಮಧ್ಯಾಹ್ನ ಬಿಟ್ಟಿತು. ಕಾಲೇಜಿನ ಹಿಂದಿನಿಂದ ಇಚೆನ್ ನದಿಯ ಪಕ್ಕ ಕಾಲುದಾರಿ ಇದೆ. ಸುಮಾರು ಒಂದು ಮೈಲಿ. ನೀರು ಎಷ್ಟು ತಿಳಿ ಅಂದರೆ ತಳದ ಪಾಚಿ ಒಂದೇ ಕಡೆಗೆ ಬಾಗಿ ಅಲ್ಲಾಡುವುದು ಕಾಣುತ್ತದೆ. ಮೀನುಗಳು ಹರಿವಿಗೆ ಎದುರಾಗಿ ನಿಂತಿದ್ದವು.

ಸೇಂಟ್ ಕ್ರಾಸ್ ಅಂದರೆ 1130ರ ದಶಕದಲ್ಲಿ ಹೆನ್ರಿ ಆಫ್ ಬ್ಲಾ ಕಟ್ಟಿಸಿದ ಧರ್ಮಛತ್ರ. ಹದಿಮೂರು ಬಡವರಿಗೆ ವಾಸ, ದಿನಾ ನೂರು ಬಡವರಿಗೆ ಊಟ. ಗೇಟಿನಲ್ಲಿ ಕೇಳಿದ ದಾರಿಹೋಕರಿಗೆ ಇವತ್ತಿಗೂ ಒಂದು ತುಂಡು ಬ್ರೆಡ್ಡು, ಒಂದು ಸಣ್ಣ ಲೋಟ ಬಿಯರ್ ಕೊಡುತ್ತಾರೆ. ಕೇಳಬೇಕು ಅಷ್ಟೇ. ಅಪ್ಪ ಕೇಳಿದರು. ಬ್ರೆಡ್ಡು ಬೆರಳಗಲದ ತುಂಡು. ಬಿಯರ್ ಬೇಡ ಅಂದರು. ಕೊಟ್ಟವರು ಒಂದು ಚೂರೂ ಅವಸರ ಮಾಡಲಿಲ್ಲ.

ಈ ಜಾಗಕ್ಕೆ ವಿಕಮ್ ಸಂಬಂಧ ಹೇಳದಿದ್ದರೆ ಅವನ ಕಥೆ ಅರ್ಧ. ಅವನು ಬಿಷಪ್ ಆಗುವ ಹೊತ್ತಿಗೆ ಇಲ್ಲಿನ ಮುಖ್ಯಸ್ಥರು ಛತ್ರದ ಜಮೀನಿನ ಆದಾಯವನ್ನು ತಮ್ಮ ಸ್ವಂತದ್ದು ಮಾಡಿಕೊಂಡಿದ್ದರು. ಕಟ್ಟಡ ಬೀಳುತ್ತಿತ್ತು. ಬಡವರ ಊಟ ಕಡಿಮೆಯಾಗಿತ್ತು. ಅದು ಛತ್ರವೇ ಅಲ್ಲ, ತಮಗೆ ಬಂದ ಹುದ್ದೆ, ಅದರ ಆದಾಯ ತಮ್ಮದೇ ಅಂತ ಅವರ ವಾದ. ವಿಕಮ್ 1370ರ ದಶಕದಲ್ಲಿ ಪೋಪ್‌ವರೆಗೆ ಹೋಗಿ, ವರ್ಷಗಟ್ಟಲೆ ಕೇಸು ನಡೆಸಿ, ಬಡವರ ಪಾಲನ್ನು ಬಡವರಿಗೆ ಕೊಡಿಸಿದ. ಹತ್ತಾರು ಚರ್ಚುಗಳ ಆದಾಯದಲ್ಲಿ ಬೆಳೆದವನೇ ಇದಕ್ಕೆ ನಿಂತ ಅನ್ನುವುದು ಸಣ್ಣ ಮಾತಲ್ಲ. ದತ್ತಿ ಹೇಗೆ ಸೋರುತ್ತದೆ ಅನ್ನುವುದು ಅವನಿಗೆ ಒಳಗಿನಿಂದಲೇ ಗೊತ್ತಿತ್ತು.

ಇಲ್ಲಿ ಈಗಲೂ ಇಪ್ಪತ್ತೈದು ಹಿರಿಯರ ವಸತಿ ಇದೆ. ಕಪ್ಪು ನಿಲುವಂಗಿಯವರು ಹೆನ್ರಿ ಆಫ್ ಬ್ಲಾ ಮಾಡಿಟ್ಟ ದತ್ತಿಯವರು. ಕೆಂಪು ನಿಲುವಂಗಿಯವರು ವಿಕಮ್ ನಂತರ ಬಿಷಪ್ ಆದ ಬೋಫರ್ಟ್ ಮಾಡಿಟ್ಟ ದತ್ತಿಯವರು. ಎತ್ತರದ ಚಿಮಣಿಗಳ ಸಾಲು, ಮುಂದೆ ಹೂವಿನ ಪಾತಿ. ನಿಲುವಂಗಿ ತೊಟ್ಟ ಒಬ್ಬರು ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದರು. ಅಪ್ಪನಿಗೆ ಕೈ ಎತ್ತಿದರು, ಅಪ್ಪ ನಮಸ್ಕಾರ ಮಾಡಿದರು.

ಸೋಮವಾರ, ಆಕ್ಸ್‌ಫರ್ಡ್

ವಿಂಚೆಸ್ಟರ್‌ನಿಂದ ಆಕ್ಸ್‌ಫರ್ಡ್‌ಗೆ ನೇರ ರೈಲು. ನ್ಯೂ ಕಾಲೇಜಿಗೆ ಹೋಗುವ ಗಲ್ಲಿ ಎರಡು ಎತ್ತರದ ಗೋಡೆಗಳ ನಡುವೆ ತಿರುಗಿ ತಿರುಗಿ ಹೋಗುತ್ತದೆ. ಗೇಟಿನ ಮೇಲೆ ವಾರ್ಡನ್, ಅಂದರೆ ಕಾಲೇಜಿನ ಮುಖ್ಯಸ್ಥನ, ಮನೆ. ಯಾರು ಬಂದರು, ಯಾರು ಹೋದರು ಅಂತ ಕಾಣುವ ಹಾಗೆ ವಿಕಮ್ ಅಲ್ಲೇ ಇಡಿಸಿದ್ದ.

ಸನ್ನದು 1379ರ ನವೆಂಬರ್ 26ರದ್ದು. ಮರುವರ್ಷ ಮಾರ್ಚ್ 5ಕ್ಕೆ ಮೊದಲ ಕಲ್ಲು. 1386ರ ಏಪ್ರಿಲ್ 14ರಂದು ವಿದ್ಯಾರ್ಥಿಗಳು ಒಳಗೆ ಬಂದರು. ಪ್ಲೇಗಿನ ನಂತರ ಊರಗೋಡೆಯ ಪಕ್ಕದ ಈ ಜಾಗ ಪಾಳು ಬಿದ್ದಿತ್ತು. ಆ ಪಾಳು ನೆಲದ ಮೇಲೆ ಚಾಪೆಲ್, ಊಟದ ಹಾಲ್, ಲೈಬ್ರರಿ, ವಾಸದ ಕೋಣೆ ಎಲ್ಲವನ್ನೂ ಒಂದೇ ಅಂಗಳದ ಸುತ್ತ ಒಂದೇ ಪ್ಲಾನಿನಲ್ಲಿ ಹಾಕಿಸಿದ. ಆಕ್ಸ್‌ಫರ್ಡಿನ ಹಳೆಯ ಕಾಲೇಜುಗಳು ಸಿಕ್ಕಿದ ಮನೆ ಸೇರಿಸಿಕೊಂಡು ಬೆಳೆದವು. ಇದು ಮೊದಲೇ ಲೆಕ್ಕ ಹಾಕಿ ಕಟ್ಟಿದ್ದು. ಇದನ್ನು ನೋಡಿ ಮುಂದಿನವರು ಕಲಿತರು.

ಅವನ ನಿಯಮಾವಳಿ ಓದುವುದು ನನಗೆ ಬಹಳ ಇಷ್ಟ. ಕಟ್ಟಡ ಬಲ್ಲವನು ಬರೆದದ್ದು ಅಂತ ಗೊತ್ತಾಗುತ್ತದೆ. ಹಾಲ್ ಮತ್ತು ಚಾಪೆಲ್ ಬೆನ್ನಿಗೆ ಬೆನ್ನು ಕೊಟ್ಟಿವೆ. ಗೋಡೆಯ ಆ ಕಡೆ ಚಾಪೆಲ್‌ನ ಕಲ್ಲಿನ ಮೂರ್ತಿಗಳ ಸಾಲು. ಹಾಗಾಗಿ ಹಾಲ್‌ನಲ್ಲಿ ಕುಸ್ತಿ, ಕುಣಿತ ಬೇಡ, ಮೂರ್ತಿಗಳಿಗೆ ಪೆಟ್ಟಾಗುತ್ತದೆ ಅಂತ ಬರೆಸಿದ್ದಾನೆ. ಅಪ್ಪ ಹಾಲ್‌ನ ಆ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು ನಿಂತರು, ದಪ್ಪ ಅಂದಾಜು ಮಾಡುವವರ ಹಾಗೆ. ಒಂದೊಂದು ಕೋಣೆಯಲ್ಲಿ ಮೂರ್ನಾಲ್ಕು ಜನ, ಅವರಲ್ಲಿ ಒಬ್ಬ ಹಿರಿಯ, ಉಳಿದವರ ಓದು ನಡತೆ ನೋಡಿಕೊಳ್ಳಲು. ಚಳಿಗಾಲದ ರಾತ್ರಿ ಹಾಲ್‌ನಲ್ಲಿ ಬೆಂಕಿ ಹಾಕಿದಾಗ ಮಾತ್ರ ಊಟ ಆದ ಮೇಲೂ ಕೂತು ಹಾಡು, ಕವಿತೆ, ರಾಜರ ಕಥೆ, ಲೋಕದ ಸೋಜಿಗಗಳನ್ನು ಹೇಳಿಕೊಳ್ಳಬಹುದು. ವಿಶ್ವವಿದ್ಯಾಲಯದ ಒಂದು ದಿನವನ್ನೂ ಕಾಣದವನು ಬರೆದ ಸಾಲು ಅದು. ಅಲ್ಲಿನ ಚಳಿಯಲ್ಲಿ ಕೂತ ಹುಡುಗರಿಗೆ ಏನು ಬೇಕು ಅಂತ ಅವನಿಗೆ ಹೇಗೋ ಗೊತ್ತಿತ್ತು.

ಹಾಲ್‌ನ ಮರದ ತೊಲೆಗಳ ಬಗ್ಗೆ ವಾಟ್ಸಾಪ್‌ನಲ್ಲಿ ಓಡಾಡುವ ಕಥೆ ನೀವೂ ಓದಿರಬಹುದು. ತೊಲೆ ಹುಳ ಹಿಡಿದಾಗ ಬದಲಿಸಲಿ ಅಂತ ಕಟ್ಟಿದವರು ಅವತ್ತೇ ಓಕ್ ಗಿಡ ನೆಟ್ಟಿದ್ದರು ಅನ್ನುವುದು. ಚೆನ್ನಾಗಿದೆ, ಆದರೆ ನಿಜ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಹೊಸ ಚಾವಣಿ ಹಾಕಿದಾಗ ಮರ ಬಂದದ್ದು ಕಾಲೇಜಿನ ಕಾಡುಗಳಿಂದಲೇ. ಆದರೆ ಆ ಕಾಡು ಕಾಲೇಜಿಗೆ ಸೇರಿದ್ದೇ ಹಾಲ್ ಕಟ್ಟಿ ಎಷ್ಟೋ ವರ್ಷದ ಮೇಲೆ. ಜಮೀನು, ಕಾಡು ಎಲ್ಲ ಮಾರಿ ತಿನ್ನದೆ ಉಳಿಸಿಕೊಂಡು ಬಂದರಲ್ಲ, ನಿಜವಾದ ದೂರದೃಷ್ಟಿ ಅದು. ಅದಕ್ಕೆ ಕಟ್ಟುಕಥೆ ಬೇಕಾಗಿಲ್ಲ.

ಚಾಪೆಲ್‌ನಲ್ಲಿ ವಿಕಮ್ ಬಿಷಪ್ ಆಗಿ ಕೈಯಲ್ಲಿ ಹಿಡಿಯುತ್ತಿದ್ದ ದಂಡ (ಕೋಲು) ಇಟ್ಟಿದ್ದಾರೆ. ಬೆಳ್ಳಿಗೆ ಚಿನ್ನದ ನೀರು, ಅದರ ಮೇಲೆ ಬಣ್ಣದ ಎನಾಮಲ್ ಕೆಲಸ. ತುದಿಯ ಸುರುಳಿಯ ಕೆಳಗೆ ಅಂತಸ್ತು ಅಂತಸ್ತಾಗಿ ಪುಟ್ಟ ಪುಟ್ಟ ಗೂಡು, ಕಮಾನು, ಗೋಪುರ. ಬಿಷಪ್ಪಿನ ದಂಡದಲ್ಲೂ ಕಟ್ಟಡವೇ! ಗೇಟಿನ ಹತ್ತಿರ ಅವನ ಲಾಂಛನ ನೋಡಿದೆವು. ಮೂರು ಕೆಂಪು ಗುಲಾಬಿ, ನಡುವೆ ಎರಡು ಕಪ್ಪು ಪಟ್ಟಿ, ಸೂರಿನ ಜಂತೆಗಳನ್ನು ಜೋಡಿಸಿದಂತೆ.

ಕೊನೆಗೆ ತೋಟ. ಅದರ ಎರಡು ಬದಿಗೆ ಆಕ್ಸ್‌ಫರ್ಡಿನ ಹಳೆಯ ಊರಗೋಡೆ ಬುರುಜುಗಳ ಸಮೇತ ನಿಂತಿದೆ. ಊರಿನ ಬೇರೆ ಕಡೆಗಳಲ್ಲಿ ಗೋಡೆ ಬಹುಪಾಲು ಮಾಯವಾಗಿದೆ. ಇಲ್ಲಿ ಉಳಿಯಲು ಕಾರಣ 1379ರ ಒಂದು ಷರತ್ತು. ಜಾಗ ತಗೋ, ಆದರೆ ಗೋಡೆಯ ರಿಪೇರಿ ನಿನ್ನದು ಅಂತ ನಗರದವರು ವಿಕಮ್‌ಗೆ ಹೇಳಿದ್ದರು. ಮೂರು ವರ್ಷಕ್ಕೊಮ್ಮೆ ಲಾರ್ಡ್ ಮೇಯರ್ ಮತ್ತು ನಗರಸಭೆಯವರು ಬಂದು ಈ ಗೋಡೆಯ ಉದ್ದಕ್ಕೂ ನಡೆದು ಸರಿಯಿದೆಯಾ ಅಂತ ನೋಡುತ್ತಾರೆ.

ಅಪ್ಪ ಕಲ್ಲುಗಳ ನಡುವಿನ ಗಾರೆಯನ್ನು ಉಗುರಲ್ಲಿ ಗೀರಿ ನೋಡಿದರು. ಹೊಸ ಸುಣ್ಣದ ಗಾರೆ. ಹೊರಗೆ ಹೋಗುವಾಗ ಗೇಟಿನಲ್ಲಿದ್ದ ಸಿಬ್ಬಂದಿಯ ಹತ್ತಿರ ನಿಂತು, "ಈ ರಿಪೇರಿ ಬಿಲ್ಲು ಈಗ ಯಾರು ಕೊಡ್ತಾರೆ?" ಅಂತ ಕೇಳಿದರು.

"ಕಾಲೇಜೇ ಕೊಡಬೇಕು ಸರ್" ಅಂದರು ಅವರು.